ಮಳೆ ಹೆಚ್ಚಿರುವ ತೋಟಗಳಲ್ಲಿ ಕಬ್ಬಿಣ ಮತ್ತು ಉಕ್ಕು: ಆಯ್ಕೆ, ಬಳಕೆ, ರಕ್ಷಣೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ ಬೆಳೆಗಾರರು ಗಿಡ, ಗೊಬ್ಬರ, ಔಷಧಿಗಳನ್ನು ಕೊಳ್ಳುವ ಮೊದಲು ಹತ್ತು ಕಡೆ ವಿಚಾರಿಸುತ್ತಾರೆ. ಕಬ್ಬಿಣ ಕೊಳ್ಳುವಾಗ ಮಾತ್ರ ದರವೊಂದನ್ನೇ ಕೇಳುವುದು ವಾಡಿಕೆ. ಅಡಿಕೆ ಒಣಗಿಸುವ ಚಪ್ಪರ, ದನದ ಕೊಟ್ಟಿಗೆ, ಗೋಬರ್ ಅನಿಲ ಸ್ಥಾವರ, ನೀರಿನ ಟ್ಯಾಂಕು, ಹೊಳೆಯ ತೂಗುಸೇತುವೆ ಇವೆಲ್ಲ ನಿಂತಿರುವುದು ಕಬ್ಬಿಣದ ಮೇಲೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುವ ಈ ಪ್ರದೇಶದಲ್ಲಿ ಕಬ್ಬಿಣದ ಆಯ್ಕೆಯಲ್ಲಾಗಲಿ ಆರೈಕೆಯಲ್ಲಾಗಲಿ ತಪ್ಪಿದರೆ ಹಣದ ಜೊತೆಗೆ ಜೀವಕ್ಕೂ ಅಪಾಯವುಂಟು.

ಕಬ್ಬಿಣದ ಬಗೆಗಳು

ಶುದ್ಧ ಕಬ್ಬಿಣವು ಮೆದುವಾದ ಲೋಹ. ಅದರಲ್ಲಿ ಸೇರಿರುವ ಇಂಗಾಲದ ಪ್ರಮಾಣವೇ ಅದರ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

1. ಮೆದು ಉಕ್ಕು: ಇಂಗಾಲ ಸುಮಾರು ಶೇ. 0.25ಕ್ಕಿಂತ ಕಡಿಮೆ. ಬಾಗಿಸಬಹುದು, ಸುಲಭವಾಗಿ ಬೆಸುಗೆ ಹಾಕಬಹುದು. ಆಂಗಲ್, ಪೈಪು, ಗೇಟು, ಚಪ್ಪರದ ಚೌಕಟ್ಟುಗಳಿಗೆ ಇದು ಸೂಕ್ತ.

2. ಹೆಚ್ಚು ಇಂಗಾಲದ ಉಕ್ಕು: ಇಂಗಾಲ ಸುಮಾರು ಶೇ. 0.6ಕ್ಕಿಂತ ಮೇಲೆ. ಕತ್ತಿ, ಗರಗಸ ಮತ್ತು ಉಕ್ಕಿನ ಹಗ್ಗದ ತಂತಿಗೆ ಬಳಕೆಯಾಗುತ್ತದೆ. ಕಮ್ಮಾರನು ಕತ್ತಿಯನ್ನು ಕಾಯಿಸಿ ನೀರಿನಲ್ಲಿ ಅದ್ದಿ ಹದ ಕೊಡುವುದು ಈ ಉಕ್ಕಿಗೇ. ಹದಗೊಂಡ ಕತ್ತಿ ಬೆಂಕಿಗೆ ಬಿದ್ದರೆ ಹದ ಹೋಗುತ್ತದೆ. ಉಕ್ಕಿನ ಹಗ್ಗಕ್ಕೆ ಬೆಸುಗೆಯ ಬಿಸಿ ತಗುಲಿದರೂ ಅಷ್ಟೇ, ಬಲ ಕುಂದುತ್ತದೆ.

3. ಬೀಡು ಕಬ್ಬಿಣ: ಇಂಗಾಲ ಶೇ. 2ರಿಂದ 4. ಪಂಪಿನ ಹೊರಕವಚ ಇದರಿಂದ ಮಾಡಿದ್ದು. ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಆದರೆ ಸುತ್ತಿಗೆಯ ಪೆಟ್ಟಿಗೆ ಒಡೆಯುತ್ತದೆ.

ಸರಳಿನ ತೂಕ ನೋಡಿ ಕೊಳ್ಳಿ

ಕಲ್ಲು ಮತ್ತು ಕಾಂಕ್ರೀಟು ಒತ್ತಿದರೆ ತಾಳುತ್ತವೆ, ಎಳೆದರೆ ಬಿರುಕು ಬಿಡುತ್ತವೆ. ಕಾಂಕ್ರೀಟಿನ ಎಳೆತ ತಾಳುವ ಶಕ್ತಿ ಅದರ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಈ ಕೊರತೆಯನ್ನು ಉಕ್ಕಿನ ಸರಳು ತುಂಬುತ್ತದೆ. ಬಿಸಿಲಿಗೆ ಎರಡೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟು ಬೇರ್ಪಡುವುದಿಲ್ಲ.

ಸರಳಿನ ದಪ್ಪ ಸರಿಯಿದೆಯೇ ಎಂದು ರೈತರು ತಾವೇ ಪರೀಕ್ಷಿಸಬಹುದು. ಮಿಲಿಮೀಟರಿನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. ಈ ಲೆಕ್ಕದಂತೆ 12 ಮೀಟರ್ ಉದ್ದದ 8 ಮಿ.ಮೀ. ಸರಳು ಸುಮಾರು 4.7 ಕಿ.ಗ್ರಾಂ., 10 ಮಿ.ಮೀ. ಸರಳು 7.4 ಕಿ.ಗ್ರಾಂ., 12 ಮಿ.ಮೀ. ಸರಳು 10.7 ಕಿ.ಗ್ರಾಂ. ತೂಗಬೇಕು. ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಹತ್ತು ಸರಳುಗಳನ್ನು ಒಟ್ಟಿಗೆ ತೂಗಿದಾಗಲೂ ತೂಕ ಬಹಳ ಕಡಿಮೆ ಬಂದರೆ ಅಂತಹ ಮಾಲನ್ನು ಕೊಳ್ಳಬಾರದು. ಟಿ.ಎಂ.ಟಿ. ಸರಳನ್ನು ಬೆಂಕಿಯಲ್ಲಿ ಕಾಯಿಸಿ ಬಾಗಿಸಬಾರದು. ನೀರು ಹಾಯಿಸಿ ಗಟ್ಟಿಗೊಳಿಸಿದ ಅದರ ಹೊರಪದರದ ಬಲ ಇದರಿಂದ ನಷ್ಟವಾಗುತ್ತದೆ.

ತುಕ್ಕು ಏಕೆ ಹಿಡಿಯುತ್ತದೆ?

ಈ ಸೀಮೆಯ ಮುರಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಇಂತಹ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟನು. ಕಬ್ಬಿಣದ ತುಕ್ಕೂ ಇದೇ ಜಾತಿಯ ವಸ್ತು. ಅದಿರಿನಿಂದ ಬಂದ ಕಬ್ಬಿಣವು ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಎರಡೂ ಸಿಕ್ಕಿದರೆ ಮತ್ತೆ ಮಣ್ಣಿನ ರೂಪಕ್ಕೆ ಮರಳುತ್ತದೆ. ಆದ್ದರಿಂದ ಸದಾ ಒಣಗಿದ್ದ ಭಾಗಕ್ಕಿಂತ ಒದ್ದೆಯಾಗಿ ಒಣಗುವ ಭಾಗ ಬೇಗ ಸವೆಯುತ್ತದೆ. ಚಪ್ಪರದ ಕಂಬವು ನೆಲದ ಮಟ್ಟದಲ್ಲೇ ಮೊದಲು ತೂತಾಗುವುದಕ್ಕೆ ಕಾರಣ ಇದೇ. ಕಂಬದ ಬುಡಕ್ಕೆ ನೆಲದಿಂದ ಸುಮಾರು ಅರ್ಧ ಅಡಿ ಎತ್ತರದವರೆಗೆ ಕಾಂಕ್ರೀಟು ಹಾಕಿ, ನೀರು ಹೊರಕ್ಕೆ ಜಾರುವಂತೆ ಇಳಿಜಾರು ಮಾಡಬೇಕು.

ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣವು ಒಳಗಿನ ಸರಳನ್ನು ಕಾಪಾಡುತ್ತದೆ. ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ತೆಳುವಾದರೆ ನೀರು ಒಳಸೇರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸಿಡಿದು ಕಳಚುತ್ತದೆ. ಐ.ಎಸ್. 456 ಮಾನಕದಂತೆ ಸಾಧಾರಣ ಪರಿಸ್ಥಿತಿಗೆ 30 ಮಿ.ಮೀ., ತೀವ್ರ ಮಳೆಗೆ ಸಿಕ್ಕುವ ಭಾಗಕ್ಕೆ 45 ಮಿ.ಮೀ. ಹೊದಿಕೆ ಇರಬೇಕು. ಉಪ್ಪುನೀರಿನ ಮರಳನ್ನು ಬಳಸಬಾರದು.

ಮೈಲುತುತ್ತು ಮತ್ತು ಕಬ್ಬಿಣ

ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಾಗಲಿ ಸತುವಿನ ಲೇಪದ ಪಾತ್ರೆಯಲ್ಲಾಗಲಿ ತಯಾರಿಸಬಾರದು. ಮೈಲುತುತ್ತಿನಲ್ಲಿರುವ ತಾಮ್ರವು ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಪಾತ್ರೆಯೂ ಹಾಳು, ಔಷಧಿಯೂ ಹಾಳು. ಇದೇ ಗುಣವನ್ನು ಬಳಸಿಕೊಂಡು ದ್ರಾವಣದ ಹದವನ್ನು ನೋಡಬಹುದು. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಅದರ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಲೇಪ ಬಾರದಷ್ಟಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು.

ಚಪ್ಪರದ ಜಿ.ಐ. ಪೈಪುಗಳ ಮೇಲೆ ಸಿಂಪಡಣೆಯ ಹನಿ ಬಿದ್ದರೆ ಒಡನೆ ನೀರಿನಿಂದ ತೊಳೆಯಬೇಕು. ಪೊಟ್ಯಾಷ್ ಗೊಬ್ಬರದ ಚೀಲವನ್ನು ಕಬ್ಬಿಣಕ್ಕೆ ಒರಗಿಸಿ ಇಡಬಾರದು. ಅದರಲ್ಲಿರುವ ಕ್ಲೋರೈಡು ತುಕ್ಕನ್ನು ಹೆಚ್ಚಿಸುತ್ತದೆ.

ತೂಗುಸೇತುವೆಯ ಪಾಠ

ಪಯಸ್ವಿನಿ, ಕುಮಾರಧಾರಾ ಮತ್ತು ಅವುಗಳ ಉಪನದಿಗಳು ಮಳೆಗಾಲದಲ್ಲಿ ತುಂಬಿ ಹರಿದಾಗ ಮರದ ಕಾಲುಸಂಕ ನಿಲ್ಲದು, ದೋಣಿಯೂ ನಡೆಯದು. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನಿಗೆ ಉಕ್ಕಿನ ಹಗ್ಗದ ತೂಗುಸೇತುವೆ ಕಟ್ಟಿದರು. ಮುಂದೆ ಕರ್ನಾಟಕದಲ್ಲೂ ನೆರೆ ರಾಜ್ಯಗಳಲ್ಲೂ ಇಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದ ಅವರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಹೊಳೆಯ ನಡುವೆ ಕಂಬವಿಲ್ಲದೆ ದಡದಿಂದ ದಡಕ್ಕೆ ದಾಟುವುದು ಇಲ್ಲಿ ಸಾಧ್ಯವಾದದ್ದು ಉಕ್ಕಿನ ಎಳೆತ ತಾಳುವ ಗುಣದಿಂದ.

ಹಗ್ಗ ಸ್ವಲ್ಪ ಜೋಲು ಬಿದ್ದಿರುವುದನ್ನು ಕಂಡು ಬಿಗಿಗೊಳಿಸಲು ಹೊರಡುವವರುಂಟು. ಇದು ಅಪಾಯ. 40 ಮೀಟರ್ ಅಗಲದ ಸೇತುವೆಯ ಮೇಲೆ ಮೀಟರಿಗೆ 200 ಕಿ.ಗ್ರಾಂ. ಭಾರವಿದೆ ಎಂದುಕೊಳ್ಳೋಣ. ಜೋಲು 4 ಮೀಟರ್ ಇದ್ದರೆ ಹಗ್ಗಗಳ ಮೇಲಿನ ಅಡ್ಡ ಎಳೆತ ಒಟ್ಟು 10 ಟನ್. ಅದೇ ಜೋಲನ್ನು 2 ಮೀಟರಿಗೆ ಇಳಿಸಿದರೆ ಎಳೆತ 20 ಟನ್ನಿಗೆ ಏರುತ್ತದೆ. ಜೋಲು ಅರ್ಧವಾದರೆ ಎಳೆತ ಇಮ್ಮಡಿ. ಆದುದರಿಂದ ತಜ್ಞರನ್ನು ಕೇಳದೆ ಹಗ್ಗವನ್ನು ಬಿಗಿಗೊಳಿಸಬಾರದು.

ಸೇತುವೆಯನ್ನು ಬಳಸುವ ಊರಿನವರು ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ಅನಂತರ, ಕೆಳಗಿನ ಅಂಶಗಳನ್ನು ನೋಡಬೇಕು.

1. ಹಗ್ಗದಲ್ಲಿ ತುಂಡಾದ ತಂತಿಗಳಿವೆಯೇ? ಹೊರಗಿನ ತಂತಿಗಳು ಮೂರರಲ್ಲಿ ಒಂದು ಪಾಲು ಸವೆದಿದ್ದರೆ ಹಗ್ಗವನ್ನು ಬದಲಿಸುವ ಕಾಲ ಬಂದಿದೆ.

2. ಹಗ್ಗದ ನಡುವಿನ ನಾರು ಒಣಗಿದರೆ ತುಕ್ಕು ಒಳಗಿನಿಂದ ಆರಂಭವಾಗುತ್ತದೆ, ಹೊರಗೆ ಕಾಣಿಸುವುದಿಲ್ಲ. ಹಗ್ಗಕ್ಕೆ ತಕ್ಕ ಎಣ್ಣೆ ಅಥವಾ ಗ್ರೀಸನ್ನು ತಪ್ಪದೆ ಹಚ್ಚಬೇಕು.

3. ಹಗ್ಗದ ತುದಿಯ ಕ್ಲಿಪ್ಪುಗಳಲ್ಲಿ ‘ಯು’ ಆಕಾರದ ಬೋಲ್ಟು ಮಡಚಿದ ತುಂಡು ತುದಿಯ ಕಡೆಗೂ, ತಡಿಯು ಭಾರ ಹೊರುವ ಹಗ್ಗದ ಕಡೆಗೂ ಇರಬೇಕು. ತಿರುಗುಮುರುಗಾಗಿದ್ದರೆ ಬೋಲ್ಟು ಭಾರ ಹೊರುವ ಹಗ್ಗವನ್ನೇ ನುಜ್ಜುತ್ತದೆ.

4. ದಡದಲ್ಲಿ ಹಗ್ಗವನ್ನು ಹಿಡಿದಿರುವ ಲಂಗರಿನ ಸುತ್ತ ಮಣ್ಣು ಕೊಚ್ಚಿಹೋಗಿದೆಯೇ, ಎಲೆಕಸ ತುಂಬಿ ನೀರು ನಿಲ್ಲುತ್ತಿದೆಯೇ ಎಂದು ಪರೀಕ್ಷಿಸಬೇಕು.

ದೋಷ ಕಂಡುಬಂದರೆ ದುರಸ್ತಿಯಾಗುವವರೆಗೆ ಸಂಚಾರವನ್ನು ನಿಲ್ಲಿಸಿ ಪಂಚಾಯತಿಗೆ ಬರೆದು ತಿಳಿಸುವುದು ಅಗತ್ಯ. ಶಾಲೆಗೆ ಹೋಗುವ ಮಕ್ಕಳು ದಾಟುವ ಸೇತುವೆಯಲ್ಲಿ ‘ಈ ಮಳೆಗಾಲ ಕಳೆಯಲಿ’ ಎಂಬ ಮಾತು ಸಲ್ಲದು.

ಬಣ್ಣ ಬಳಿಯುವ ಕಾಲ

ಕಬ್ಬಿಣಕ್ಕೆ ಬಣ್ಣ ಬಳಿಯುವ ಕೆಲಸ ಪತ್ತನಾಜೆಗೆ ಮೊದಲೇ ಮುಗಿಯಬೇಕು. ಬಿಸಿಲಿರುವ ದಿನ ತಂತಿ ಬ್ರಷ್ಷಿನಿಂದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಎಣ್ಣೆಯ ಪಸೆ ಒರಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಸಲ, ಅದು ಒಣಗಿದ ಮೇಲೆ ಬಣ್ಣ ಎರಡು ಸಲ ಬಳಿಯಬೇಕು. ತುಕ್ಕಿನ ಮೇಲೆಯೇ ಬಳಿದ ಬಣ್ಣ ಮೊದಲ ಮಳೆಗೇ ಏಳುತ್ತದೆ. ಜಿ.ಐ. ಪೈಪಿಗೆ ಬೆಸುಗೆ ಹಾಕಿದಲ್ಲಿ ಸತುವು ಸುಟ್ಟುಹೋಗುವುದರಿಂದ ಆ ಜಾಗಕ್ಕೆ ಸತುವಿನ ಬಣ್ಣ ಹಚ್ಚಬೇಕು. ಬೆಸುಗೆಯ ಹೊಗೆಯನ್ನು ಉಸಿರಾಡಬಾರದು.

ಗೋಬರ್ ಅನಿಲ ಸ್ಥಾವರದ ಉಕ್ಕಿನ ಡ್ರಮ್ಮಿಗೆ ಒಳಗಿನ ಗಂಧಕಯುಕ್ತ ಅನಿಲದಿಂದಲೂ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಅದರ ಬಾಳಿಕೆ ಹೆಚ್ಚುತ್ತದೆ. ಡ್ರಮ್ಮು ತೂತಾದರೆ ಅದನ್ನು ಗುಂಡಿಯಿಂದ ಎತ್ತಿ, ಅನಿಲವನ್ನು ಪೂರ್ತಿ ಹೊರಬಿಟ್ಟು, ತೊಳೆದು ಗಾಳಿಯಾಡಿಸಿದ ಬಳಿಕವೇ ಬೆಸುಗೆ ಹಾಕಿಸಬೇಕು. ಅನಿಲ ಉಳಿದಿರುವ ಡ್ರಮ್ಮು ಕಿಡಿ ತಗುಲಿದೊಡನೆ ಸಿಡಿಯುತ್ತದೆ.

ಬೇಸಿಗೆಯಲ್ಲಿ ಒಂದೆರಡು ದಿನದ ಕೂಲಿ ಮತ್ತು ಕೆಲವು ಲೀಟರ್ ಬಣ್ಣಕ್ಕೆ ಮಾಡುವ ಖರ್ಚು, ಹೊಸ ಚಪ್ಪರದ ಬೆಲೆಗೆ ಹೋಲಿಸಿದರೆ ಅಲ್ಪ. ರೈತ ಬಾಂಧವರು ಅಡಿಕೆ ಮರಕ್ಕೆ ಮಳೆಗಾಲದ ಮೊದಲು ಔಷಧಿ ಸಿಂಪಡಿಸುವಂತೆಯೇ ಕಬ್ಬಿಣದ ಆರೈಕೆಯನ್ನೂ ವರ್ಷದ ಕೆಲಸಗಳ ಪಟ್ಟಿಗೆ ಸೇರಿಸಿಕೊಳ್ಳುವುದು ಉತ್ತಮ.