ಮಕ್ಕಳ ಮಣೆಯಾಟಕ್ಕೆ ನಿಯಮ ಮಾಡುವ ವಿಷಯ

ಓದತಕ್ಕ ವೇದಪಾಠ: ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ.

ಮಳೆ ಹಿಡಿದು ಮಕ್ಕಳು ಜಗಲಿಯನ್ನು ಬಿಟ್ಟು ಇಳಿಯಲಾರದ ದಿನಗಳಲ್ಲಿ ಅವರು ಏನು ಆಡಬೇಕೆಂಬ ಪ್ರಶ್ನೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ವರುಷ ವರುಷವೂ ಹುಟ್ಟುತ್ತದೆ. ಕೆಲವರು ಆಟವೇ ಬೇಡವೆನ್ನುವರು. ಕೆಲವರು, ಗದ್ದಲವಿಲ್ಲದಿದ್ದರೆ ಯಾವದಾದರೂ ಸರಿ ಎನ್ನುವರು. ಈ ಎರಡು ಮಾತುಗಳೂ ನಮಗೆ ಸರಿದೋರುವದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಸಣ್ಣ ಸಭೆಯ ಆದಿತ್ಯವಾರದ ಶಾಲೆಯ ಮಕ್ಕಳೊಡನೆ ನಾವು ಒಂದು ಮಣೆಯಾಟವನ್ನು ಕಟ್ಟಿ ನೋಡಿದೆವು. ಅದರಲ್ಲಿ ಎಲ್ಲಿ ತಪ್ಪಿದೆವು, ಹೇಗೆ ತಿದ್ದಿಕೊಂಡೆವು ಎಂಬದನ್ನು ಇಲ್ಲಿ ಬರೆಯುತ್ತೇವೆ.

ಮಣೆಯಾಟಕ್ಕೆ ನಾಲ್ಕು ಬೇಕು: ಗೆರೆ ಎಳೆದ ಮನೆಗಳು, ಕಾಯಿಗಳು, ಎಸೆಯುವದಕ್ಕೆ ಕವಡೆ ಅಥವಾ ಬೀಜ, ಮತ್ತು ನಿಯಮ. ಮೊದಲಿನ ಮೂರಕ್ಕೆ ಕಾಸು ಬೇಡ. ಸೀಮೆಸುಣ್ಣದ ಒಂದು ತುಂಡು, ಹಿತ್ತಲಿನ ಕಲ್ಲು, ಅಡಿಗೆಮನೆಯ ಹುಣಿಸೆ ಬೀಜ ಸಾಕು. ನಾಲ್ಕನೆಯದಕ್ಕೆ ಮಾತ್ರ ಯೋಚನೆ ಬೇಕು. ಯಾಕಂದರೆ ಮಣೆಯ ಮೇಲೆ ಎಂಥ ಚಿತ್ರವನ್ನು ಬರೆದರೂ, ಎಂಥ ಒಳ್ಳೇ ಹೆಸರನ್ನಿಟ್ಟರೂ, ಮಗುವು ಕಲಿಯುವದು ಚಿತ್ರವನ್ನಲ್ಲ, ನಿಯಮವನ್ನೇ. ಅದು ಕಿವಿಯಿಂದ ಕೇಳದೆ ಕೈಯಿಂದ ಕಲಿಯುವ ಉಪದೇಶವಾಗಿದೆ.

ನಮ್ಮ ಸೀಮೆಯ ಆಟಗಳನ್ನೇ ನೋಡಿರಿ. ಚೌಕಾಬಾರದಲ್ಲಿ ಇಪ್ಪತ್ತೈದು ಮನೆ. ಎದುರಾಳಿಯ ಕಾಯಿಯ ಮನೆಗೆ ನಮ್ಮ ಕಾಯಿ ಬಂದರೆ ಅವನದು ಸತ್ತು ಮೊದಲಿಗೆ ಹೋಗಬೇಕು. ಕೆಲವು ಮನೆಗಳಲ್ಲಿ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವೇ ಇಲ್ಲ. ಆಡು ಹುಲಿಯ ಆಟದಲ್ಲಾದರೋ ಮೂರು ಹುಲಿ, ಹದಿನೈದು ಆಡು. ಆಡಿಗೆ ಕೊಲ್ಲುವ ಅಧಿಕಾರವಿಲ್ಲ. ಆದರೂ ಒಂದರ ಬೆನ್ನಿಗೆ ಒಂದು ನಿಂತರೆ ಹುಲಿಯು ಅಲುಗಾಡದಂತೆ ಕಟ್ಟಿಹಾಕಬಹುದು. ಒಂದೇ ಜಗಲಿಯ ಮೇಲೆ ಆಡುವ ಈ ಎರಡು ಆಟಗಳಲ್ಲಿ ಮಕ್ಕಳು ಕಲಿಯುವ ಪಾಠಗಳು ಎಷ್ಟು ಬೇರೆ ಬೇರೆ!

ಧರ್ಮಬೋಧೆಗಾಗಿಯೇ ಮಾಡಿದ ಆಟಗಳು ಪರದೇಶಗಳಲ್ಲಿ ಹಿಂದಿನಿಂದಲೂ ಉಂಟು. 1843ರಲ್ಲಿ ಅಮೇರಿಕದ ಸೇಲಂ ಪಟ್ಟಣದಲ್ಲಿ ಸಂತೋಷಭವನವೆಂಬರ್ಥದ ಹೆಸರುಳ್ಳ ಒಂದು ಆಟವು ಪ್ರಕಟವಾಯಿತು. ಅದರಲ್ಲಿ ಸದ್ಗುಣದ ಮನೆಗೆ ಬಂದವನು ಮುಂದಕ್ಕೆ ಹೋಗುವನು, ದುರ್ಗುಣದ ಮನೆಗೆ ಬಂದವನು ಹಿಂದಕ್ಕೆ ಬೀಳುವನು. ದಾಳವು ಜೂಜುಗಾರರ ಸಾಧನವೆಂದು ಎಣಿಸಿ, ಅದರ ಬದಲಿಗೆ ಅಂಕೆ ಬರೆದ ಬುಗುರಿಯನ್ನು ತಿರುಗಿಸುತ್ತಿದ್ದರು. ಉದ್ದೇಶವು ಒಳ್ಳೇದೇ. ಆದರೆ ಆ ಆಟದ ಹುಡುಗನು ಪ್ರಾಮಾಣಿಕತೆಯ ಮನೆಗೆ ಬರುವದು ಬುಗುರಿ ನಿಂತದ್ದರಿಂದಲೇ ಹೊರತು ಪ್ರಾಮಾಣಿಕನಾಗಿ ನಡೆದದ್ದರಿಂದಲ್ಲ. ನಮ್ಮ ಮಕ್ಕಳು ಆಡುವ ಹಾವು ಏಣಿಯಲ್ಲಿಯೂ ಇದೇ ಕೊರತೆ. ಆಡುವವನು ಆರಿಸಿಕೊಳ್ಳುವದು ಏನೂ ಇಲ್ಲ.

ಇದಕ್ಕಿಂತ ಯೋಚಿಸತಕ್ಕದ್ದು ಎಲಿಜಬೆತ್ ಮೇಗಿ ಎಂಬ ಅಮೇರಿಕದ ಸ್ತ್ರೀಯ ಕೆಲಸ. ಭೂಮಿಯನ್ನೆಲ್ಲಾ ಕೆಲವರೇ ಹಿಡಿದುಕೊಂಡು ಬಾಡಿಗೆಯಿಂದ ಬಡವರನ್ನು ಹಿಂಡುವ ಅನ್ಯಾಯವನ್ನು ತೋರಿಸುವದಕ್ಕಾಗಿ ಆಕೆಯು ಜಮೀನುದಾರರ ಆಟವನ್ನು ಕಲ್ಪಿಸಿ 1904ರಲ್ಲಿ ಅದಕ್ಕೆ ಸರಕಾರದ ಹಕ್ಕುಪತ್ರವನ್ನು ಪಡೆದಳು. ಒಂದೇ ಮಣೆಗೆ ಆಕೆಯು ಎರಡು ತರದ ನಿಯಮಗಳನ್ನು ಕೊಟ್ಟಳು. ಒಂದರ ಪ್ರಕಾರ ಸಂಪತ್ತು ಹೆಚ್ಚಿದಾಗ ಎಲ್ಲರಿಗೂ ಪಾಲು, ಇನ್ನೊಂದರ ಪ್ರಕಾರ ಮಿಕ್ಕವರು ದಿವಾಳಿಯಾಗುವ ತನಕ ಒಬ್ಬನಿಗೇ ಎಲ್ಲವೂ. 1935ರಿಂದ ಮನೋಪಲಿ ಎಂಬ ಹೆಸರಿನಲ್ಲಿ ಲೋಕವೆಲ್ಲಾ ಮಾರಾಟವಾದದ್ದು ಆ ಎರಡನೆಯ ತರದ ನಿಯಮಗಳುಳ್ಳ ಆಟವೇ. ಮಾಡಿದವಳ ಮನಸ್ಸಿನಲ್ಲಿದ್ದದ್ದು ಒಂದು, ಆಡುವವರ ಕೈ ಕಲಿತದ್ದು ಮತ್ತೊಂದು.

ನಮ್ಮ ಆಟಕ್ಕೆ ಅಪೊಸ್ತಲನಾದ ಪೌಲನು ರೋಮಿಗೆ ಹೋಗುವ ಸಮುದ್ರಪ್ರಯಾಣವನ್ನು ಆರಿಸಿಕೊಂಡೆವು. ಹಾವಿನಂತೆ ಬಳುಕುವ ದಾರಿಯಲ್ಲಿ 30 ಮನೆಗಳನ್ನು ಎಳೆದೆವು. 1ನೆಯದು ಕೈಸರೈಯ, 3ನೆಯದು ಸೀದೋನ್, 8ನೆಯದು ಹಡಗು ಬದಲಿಸಿದ ಮುರ, 12ನೆಯದು ಕ್ರೇತದ್ವೀಪದ ಚಂದರೇವು, 30ನೆಯದು ಮೆಲೀತೆ. ನಾಲ್ವರು ಮಕ್ಕಳು, ಒಬ್ಬೊಬ್ಬರಿಗೆ ಎರಡು ಕಾಯಿ. ಮಿಕ್ಕ ನಿಯಮಗಳನ್ನು ಹೆಚ್ಚು ಯೋಚಿಸದೆ ಚೌಕಾಬಾರದಿಂದಲೇ ತೆಗೆದುಕೊಂಡೆವು. ಅಲ್ಲಿಯೇ ನಾವು ಎಡವಿದೆವು.

ಮೊದಲನೆಯದಾಗಿ, ಚೌಕವಾಗಲಿ ಬಾರವಾಗಲಿ ಬಿದ್ದ ಹೊರತು ಕಾಯಿಯು ಕೈಸರೈಯದಿಂದ ಹೊರಡಬಾರದೆಂದು ಹೇಳಿದ್ದೆವು. ನಾಲ್ಕು ಬೀಜಗಳನ್ನು ಎಸೆದರೆ ಅವು ಹದಿನಾರು ವಿಧವಾಗಿ ಬೀಳಬಹುದು. ಅವುಗಳಲ್ಲಿ ನಾಲ್ಕೂ ಬಿಳಿಯಾಗಿ ಚೌಕ ಬೀಳುವದು ಒಂದು ವಿಧ. ನಾಲ್ಕೂ ಕಪ್ಪಾಗಿ ಎಂಟು, ಅಂದರೆ ಬಾರ, ಬೀಳುವದು ಒಂದು ವಿಧ. ಒಂದು ಬೀಳುವದಕ್ಕೆ ನಾಲ್ಕು ವಿಧ, ಎರಡಕ್ಕೆ ಆರು, ಮೂರಕ್ಕೆ ನಾಲ್ಕು. ಆದಕಾರಣ ಹೊರಡುವ ಅವಕಾಶವು ಎಂಟು ಎಸೆತಗಳಿಗೆ ಒಂದೇ. ಎಲ್ಲರಿಗಿಂತ ಚಿಕ್ಕ ಹುಡುಗಿಯು ಹನ್ನೊಂದು ಸಲ ಎಸೆದರೂ ಕೈಸರೈಯದಲ್ಲಿಯೇ ಕೂತಿದ್ದಳು. ಆಡಲು ಕರೆದು ಆಡಗೊಡಿಸದ ನಿಯಮವು ಕ್ರೂರವಾದದ್ದೆಂದು ಅದನ್ನು ಆ ದಿನವೇ ತೆಗೆದುಹಾಕಿದೆವು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಮೊದಲು ಮುಟ್ಟಿದವನೇ ಗೆದ್ದವನು, ಹೊಡೆಸಿಕೊಂಡ ಕಾಯಿಯು ಹಿಂದಕ್ಕೆ ಎಂದು ನಿಯಮವಿತ್ತಷ್ಟೆ. ಮಕ್ಕಳು ಬಹಳ ಸಂತೋಷದಿಂದ ಆಡಿದರು. ಒಬ್ಬರ ಕಾಯಿ ಸತ್ತಾಗಲೆಲ್ಲಾ ಮಿಕ್ಕವರು ಚಪ್ಪಾಳೆ ತಟ್ಟಿದರು. ಮೆಲೀತೆಯ ಹತ್ತಿರದಲ್ಲಿ ಕಾಯಿಯನ್ನು ಕಳಕೊಂಡ ಆ ಚಿಕ್ಕ ಹುಡುಗಿಯು ನಮ್ಮ ಮುಖವನ್ನು ನೋಡಿ, “ಅಯ್ಯನವರೇ, ಹಡಗಿನಲ್ಲಿದ್ದವರು ಎಲ್ಲರೂ ಬದುಕಿದರೆಂದು ನೀವೇ ಪಾಠದಲ್ಲಿ ಹೇಳಿದಿರಲ್ಲಾ, ನನ್ನ ಕಾಯಿ ಯಾಕೆ ಸತ್ತಿತು?” ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ. 276 ಮಂದಿ ಇದ್ದ ಹಡಗಿನಲ್ಲಿ ಒಬ್ಬನಾದರೂ ನಷ್ಟವಾಗಲಿಲ್ಲವೆಂದು ಬಾಯಿಂದ ಕಲಿಸಿ, ಒಬ್ಬನನ್ನು ಮುಳುಗಿಸಿ ಇನ್ನೊಬ್ಬನು ಮುಟ್ಟಬೇಕೆಂದು ಮಣೆಯಿಂದ ಕಲಿಸಿದ್ದೆವು.

ಆಗ ಅಧ್ಯಾಯವನ್ನು ಮಕ್ಕಳೊಡನೆ ತಿರಿಗಿ ಓದಿ, ಅದರೊಳಗಿಂದಲೇ ನಿಯಮಗಳನ್ನು ಹುಡುಕಿದೆವು. ಬಿರುಗಾಳಿಯು ಹದಿನಾಲ್ಕು ರಾತ್ರಿ ಹೊಡೆಯಿತಲ್ಲವೇ? ಆದದರಿಂದ ಮಣೆಯ ಪಕ್ಕದಲ್ಲಿ 14 ಕಲ್ಲುಗಳನ್ನು ಸಾಲಾಗಿ ಇಟ್ಟೆವು. ಯಾವ ಕಾಯಿಯಾದರೂ ಚಂದರೇವನ್ನು ಬಿಟ್ಟು ಹೊರಟ ಕೂಡಲೇ ಬಿರುಗಾಳಿ ಆರಂಭ. ಅಲ್ಲಿಂದ ನಾಲ್ವರೂ ಒಂದೊಂದು ಸರತಿ ಎಸೆದು ಒಂದು ಸುತ್ತು ಮುಗಿದಾಗ ಒಂದು ಕಲ್ಲನ್ನು ತೆಗೆಯಬೇಕು. ಕಲ್ಲುಗಳು ಮುಗಿಯುವದರೊಳಗೆ ಎಂಟು ಕಾಯಿಗಳೂ ಮೆಲೀತೆಯನ್ನು ಮುಟ್ಟಿದರೆ ಎಲ್ಲರೂ ಗೆದ್ದರು. ಒಂದು ಹಿಂದುಳಿದರೂ ಎಲ್ಲರೂ ಸೋತರು. ಯಾರ ಕಾಯಿಯೂ ಯಾರನ್ನೂ ಹೊಡೆಯಬಾರದು. ತನಗೆ ಬಿದ್ದ ಎಣಿಕೆಯನ್ನು ತನ್ನ ಕಾಯಿಗಾದರೂ ಬೇರೊಬ್ಬರ ಕಾಯಿಗಾದರೂ ಕೊಡಬಹುದು. ಚೌಕ ಬಾರ ಬಿದ್ದರೆ ಇನ್ನೊಂದು ಎಸೆತ.

ನಿಯಮವು ನ್ಯಾಯವಾಗಿದೆಯೋ ಎಂದು ಲೆಕ್ಕ ಹಾಕಿ ನೋಡಬೇಕು. ಬರೀ ಭಕ್ತಿಯಿಂದ ಇದು ತಿಳಿಯುವದಿಲ್ಲ. ಮೇಲೆ ಹೇಳಿದ ಹದಿನಾರು ವಿಧಗಳ ಎಣಿಕೆಯನ್ನೆಲ್ಲಾ ಕೂಡಿಸಿದರೆ 40. ಆದದರಿಂದ ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಮನೆ. ನಾಲ್ವರು ಹದಿನಾಲ್ಕು ಸುತ್ತುಗಳಲ್ಲಿ 56 ಸಲ ಎಸೆದರೆ 140 ಮನೆ. ಚೌಕ ಬಾರಗಳಿಂದ ಸಿಕ್ಕುವ ಹೆಚ್ಚಿನ ಎಸೆತಗಳನ್ನು ಸೇರಿಸಿದರೆ ಸುಮಾರು 160. ಚಂದರೇವಿನಿಂದ ಮೆಲೀತೆಗೆ 18 ಮನೆ. ಎಂಟು ಕಾಯಿಗಳಿಗೆ 144. ಎಲ್ಲರೂ ಕೂಡಿ ಹೊರಟರೆ ಮುಟ್ಟಬಹುದು, ಆದರೆ ಹೆಚ್ಚು ಉಳಿಯದು. ಒಂದಿಬ್ಬರು ಆತುರಪಟ್ಟು ಮುಂದಾಗಿ, ಮಿಕ್ಕವರು ಸೀದೋನಿನ ಬಳಿಯಲ್ಲಿರುವಾಗಲೇ ಬಿರುಗಾಳಿಯನ್ನು ಎಬ್ಬಿಸಿದರೆ ಮುಟ್ಟುವದು ಬಹು ಕಷ್ಟ. ಮೊದಲಿನ ದಿನ ಹಾಗೆಯೇ ಆಯಿತು. ದೊಡ್ಡ ಹುಡುಗರಿಬ್ಬರು ಪೌಲನ ಮಾತನ್ನು ಕೇಳದ ಶತಾಧಿಪತಿಯಂತೆ ಬುದ್ಧಿಮಾತನ್ನು ಕೇಳದೆ ಹೊರಟುಹೋದರು. ಕಡೆಗೆ ಮೂರು ಕಾಯಿಗಳು ನಡುನೀರಿನಲ್ಲಿ ಉಳಿದವು.

ಮರುದಿನ ಎಲ್ಲರೂ ಚಂದರೇವಿನಲ್ಲಿ ಕಾದರು. ಕಾಯುವದರಲ್ಲಿ ನಷ್ಟವೇನೂ ಇಲ್ಲದ್ದರಿಂದ ಆಟವು ಸಪ್ಪೆಯಾಯಿತು. ಕಾಲವು ಮೀರಿ ಪ್ರಯಾಣವು ಅಪಾಯಕರವಾಯಿತೆಂದು ವೇದದಲ್ಲಿಯೂ ಇದೆಯಷ್ಟೆ. ಆದಕಾರಣ ಮೊದಲ ಕಾಯಿಯು ಅಲ್ಲಿಗೆ ಬಂದ ಮೇಲೆ ಕಾಯುವ ಮೂರು ಮೂರು ಸುತ್ತುಗಳಿಗೆ ಒಂದು ಕಲ್ಲು ಹೋಗತಕ್ಕದ್ದೆಂದು ಮಾಡಿದೆವು. ಈಗ ಕಾಯಬೇಕೋ ಹೊರಡಬೇಕೋ ಎಂದು ಮಕ್ಕಳು ಕೂತು ಮಾತಾಡಲೇಬೇಕು. ಚಂದರೇವಿನಲ್ಲಿರುವವನು ತನ್ನ ಎಣಿಕೆಯನ್ನು ಹಿಂದಿರುವವನಿಗೆ ಕೊಟ್ಟು ಎಳಕೊಳ್ಳುವದನ್ನು ಅವರು ತಾವಾಗಿಯೇ ಕಂಡುಹಿಡಿದರು, ನಾವು ಹೇಳಿಕೊಡಲಿಲ್ಲ.

24ನೆಯ ಮನೆಯಲ್ಲಿ ಒಂದು ದೋಣಿಯನ್ನು ಬರೆದಿದ್ದೇವೆ. ನಾವಿಕರು ಲಂಗರು ಹಾಕುವ ನೆಪದಿಂದ ದೋಣಿಯನ್ನಿಳಿಸಿ ತಪ್ಪಿಸಿಕೊಳ್ಳಲು ನೋಡಿದ್ದು ನಿಮಗೆ ನೆನಪಿರಬಹುದು. ಆ ಮನೆಗೆ ಬಂದ ಕಾಯಿಯು ಇಷ್ಟವಿದ್ದರೆ ಒಮ್ಮೆಲೇ ಮೆಲೀತೆಗೆ ಹೋಗಬಹುದು. ಆದರೆ ಅದರ ನಿಮಿತ್ತ ಮೂರು ಕಲ್ಲುಗಳು ಹೋಗುವವು. ಉಳಿಸಿಕೊಂಡದ್ದು ಆರು ಮನೆ. ಕಳಕೊಂಡದ್ದು ಮೂವತ್ತಕ್ಕೂ ಮೇಲೆ. ದೋಣಿಯನ್ನು ಅಳಿಸಿಬಿಡೋಣವೆಂದು ಒಬ್ಬ ಹುಡುಗನು ಹೇಳಿದನು. ಸಿಪಾಯಿಗಳು ಹಗ್ಗವನ್ನು ಕೊಯ್ದುಬಿಟ್ಟರಲ್ಲಾ ಎಂಬದು ಅವನ ನ್ಯಾಯ. ಒಳ್ಳೇ ಮಾತೇ. ಆದರೂ ನಾವು ಅಳಿಸಲಿಲ್ಲ. ಇಲ್ಲದ ದೋಣಿಯನ್ನು ಬಿಟ್ಟುಕೊಡುವದು ಯಾರಿಗೆ ತಾನೇ ಕಷ್ಟ?

ಇನ್ನು ಕವಡೆಯ ವಿಷಯ. ಮೊದಲು ನಾವು ಕವಡೆಗಳನ್ನೇ ತಂದಿದ್ದೆವು. ಸಭೆಯ ಹಿರಿಯರೊಬ್ಬರು ಅದನ್ನು ನೋಡಿ ಜಗಲಿಯನ್ನು ಹತ್ತದೆ ಅಂಗಳದಲ್ಲಿಯೇ ನಿಂತರು. ಅವರ ತಂದೆಯು ದೀಪಾವಳಿಯ ಜೂಜಿನಲ್ಲಿ ಎರಡು ಎಕರೆ ಹೊಲವನ್ನು ಒಂದೇ ರಾತ್ರಿಯಲ್ಲಿ ಕಳಕೊಂಡವರು. “ಅಯ್ಯನವರೇ, ಕವಡೆಯ ಸದ್ದು ಕೇಳಿದರೆ ನನಗೆ ನಮ್ಮ ಅವ್ವನ ಅಳುವೇ ಕೇಳಿಬರುತ್ತದೆ” ಅಂದರು. ಮತ್ತೀಯನನ್ನು ಆರಿಸುವದಕ್ಕೆ ಅಪೊಸ್ತಲರೂ ಚೀಟು ಹಾಕಿದರಲ್ಲವೇ ಎಂದು ನಾವು ವಾದಿಸಬಹುದಿತ್ತು; ಶಿಲುಬೆಯ ಕೆಳಗೆ ಸಿಪಾಯಿಗಳೂ ಚೀಟು ಹಾಕಿದರೆಂದು ಅವರು ಉತ್ತರ ಕೊಡಬಹುದಿತ್ತು. ಆದರೆ ಹೊಲ ಕಳಕೊಂಡ ಮನೆಯವರೊಡನೆ ವಾದಿಸುವದು ಯೋಗ್ಯವಲ್ಲವೆಂದು ಸುಮ್ಮನಾಗಿ, ಕವಡೆಯನ್ನು ತೆಗೆದಿಟ್ಟು ಹುಣಿಸೆ ಬೀಜವನ್ನು ತಂದೆವು. ಅವರು ಅದಕ್ಕೂ ಒಪ್ಪಲಿಲ್ಲ. “ಬೀಜವಾದರೇನು, ಕವಡೆಯ ತಮ್ಮನೇ” ಅಂದರು. ಅದು ನಿಜವೇ. ಕೆಡುಕು ಎಸೆಯುವ ವಸ್ತುವಿನಲ್ಲಿಲ್ಲ, ಪಣದಲ್ಲಿದೆ, ಬೀಜಕ್ಕೂ ಪಣವೊಡ್ಡಬಹುದು.

ಆದದರಿಂದ ಎಲ್ಲಾ ನಿಯಮಗಳಿಗಿಂತ ಮುಂಚಿತವಾಗಿ ಒಂದು ನಿಯಮವನ್ನು ಅವರ ಬಾಯಿಂದಲೇ ಹೇಳಿಸಿದೆವು: ದುಡ್ಡಾಗಲಿ ಗೋಲಿಯಾಗಲಿ ಬೆಲ್ಲದ ಚೂರಾಗಲಿ, ಗೆದ್ದವನು ಮನೆಗೆ ಒಯ್ಯತಕ್ಕ ಯಾವದನ್ನೂ ಈ ಆಟಕ್ಕೆ ಇಡಬಾರದು, ಇಟ್ಟದ್ದು ಕಂಡರೆ ಮಣೆಯನ್ನು ಒರಸಿಬಿಡತಕ್ಕದ್ದು. ಒರಸುವ ಅಧಿಕಾರವು ಅವರದೇ. ಮೂರು ವಾರ ಅಂಗಳದಲ್ಲಿ ನಿಂತು ನೋಡಿದರು. ನಾಲ್ಕನೆಯ ವಾರ ಮಕ್ಕಳು ಕಲ್ಲು ತೆಗೆಯುವದನ್ನು ಮರೆತು ಜಗಳವಾಡುವಾಗ, “ಅಜ್ಜಾ, ನೀವೇ ಎಣಿಸಿರಿ” ಎಂದು ಕೂಗಿದರು. ಈಗ ಹದಿನಾಲ್ಕು ಕಲ್ಲುಗಳು ಅವರ ವಶದಲ್ಲಿವೆ. ಬೀಜಗಳನ್ನು ಮಾತ್ರ ಅವರು ಇಂದಿಗೂ ಮುಟ್ಟುವದಿಲ್ಲ. ಮುಟ್ಟಿರೆಂದು ನಾವೂ ಹೇಳುವದಿಲ್ಲ.

ಮತ್ತೊಂದು ಸಂಗತಿ. ನಾಲ್ಕು ಊರುಗಳಿಂದ ಬಂದ ಮಕ್ಕಳಾದ್ದರಿಂದ “ನಮ್ಮ ಮನೆಯಲ್ಲಿ ಹೀಗಲ್ಲ” ಎಂಬ ಮಾತು ಕ್ಷಣಕ್ಷಣಕ್ಕೂ ಬರುತ್ತಿತ್ತು. ಅದೂ ಹೆಚ್ಚಾಗಿ ಸೋಲುವಾಗಲೇ. ನಿಯಮವನ್ನು ಬದಲಿಸಬೇಕಾದರೆ ಆಟ ಮುಗಿದ ಮೇಲೆ, ಎಲ್ಲರೂ ಒಪ್ಪಿ, ಮುಂದಿನ ಆಟಕ್ಕೆ ಬದಲಿಸತಕ್ಕದ್ದೆಂದು ಗೊತ್ತುಮಾಡಿದೆವು. ಇದು ನಮಗೂ ಸಲ್ಲುತ್ತದೆ. ಒಮ್ಮೆ ಆಟದ ನಡುವೆ ನಾವೇ ದಯೆತೋರಿ ಒಂದು ಕಲ್ಲನ್ನು ಹೆಚ್ಚಾಗಿ ಇಡಲು ಹೋದಾಗ ಆ ಚಿಕ್ಕ ಹುಡುಗಿಯೇ ನಮ್ಮ ಕೈಯನ್ನು ತಡೆದಳು.

ಎಲ್ಲರೂ ಬದುಕಿದ ಕಥೆಯಲ್ಲಿ ಸೋಲಿಗೆ ಎಡೆಯುಂಟೇ ಎಂದು ಒಬ್ಬ ಸಹೋದರರು ಕೇಳಿದರು. ದೇವದೂತನ ಮುಖಾಂತರ ವಾಗ್ದಾನ ದೊರೆತದ್ದು ಪೌಲನಿಗೆ. ನಮ್ಮ ಹುಣಿಸೆ ಬೀಜಗಳಿಗೆ ಅಂಥ ವಾಗ್ದಾನವಿಲ್ಲ. ವಾಗ್ದಾನ ದೊರೆತ ಮೇಲೆಯೂ ನಾವಿಕರು ಹಡಗಿನಲ್ಲಿಯೇ ಉಳಿಯಬೇಕೆಂದು ಪೌಲನು ಹೇಳಿದ್ದನ್ನು ಆ ಸಹೋದರರು ಇನ್ನೊಮ್ಮೆ ಓದಿ ನೋಡಲಿ. ಸೋತ ಮಕ್ಕಳು ಕೈಸರೈಯಕ್ಕಲ್ಲ, ಚಂದರೇವಿಗೆ ಹಿಂದಿರುಗಿ ತಿರಿಗಿ ಆರಂಭಿಸುವರು.

ಈ ಆಟವನ್ನು ಮಾಡಲಿಚ್ಛಿಸುವವರು ಬೀಜಗಳ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಬಿಳಿಯಾಗುವಷ್ಟೇ ತೇಯಬೇಕು. ಅತಿಯಾಗಿ ತೇದರೆ ಒಂದೇ ಮಗ್ಗುಲಿಗೆ ಬೀಳುವವು. ಪರೀಕ್ಷಿಸಲು 160 ಸಲ ಎಸೆದು ಬರಕೊಳ್ಳಿರಿ: ಎರಡು ಸುಮಾರು 60 ಸಲ, ಒಂದೂ ಮೂರೂ ನಾಲ್ವತ್ತು ನಾಲ್ವತ್ತು, ಚೌಕವೂ ಬಾರವೂ ಹತ್ತು ಹತ್ತು ಬಿದ್ದರೆ ಬೀಜವು ಸರಿಯಾದದ್ದು. ಶಾಲೆಯ ದೊಡ್ಡ ಮಕ್ಕಳಿಗೆ ಇದೇ ಒಂದು ಮಧ್ಯಾಹ್ನದ ಲೆಕ್ಕ.

ಮೆಲೀತೆಯಲ್ಲಿ ಮೂರು ತಿಂಗಳು ಕಳೆದು, ಬೇರೆ ಹಡಗನ್ನು ಹತ್ತಿ, ಸುರಕೂಸ್, ರೇಗಿಯ, ಪೊತಿಯೋಲಗಳ ಮೇಲಿನಿಂದ ರೋಮಿಗೆ ಹೋಗುವ ದಾರಿಯನ್ನು ನಾವು ಇನ್ನೂ ಎಳೆದಿಲ್ಲ. ಅಲ್ಲಿ ಬಿರುಗಾಳಿ ಇಲ್ಲ. ಸಹೋದರರು ಎದುರುಗೊಳ್ಳಲು ದೂರದಿಂದ ನಡೆದು ಬರುತ್ತಾರೆ. ಎದುರುಗೊಳ್ಳುವದಕ್ಕೆ ಎಂಥ ನಿಯಮ ಮಾಡಬೇಕೆಂದು ಮಕ್ಕಳು ಯೋಚಿಸುತ್ತಿದ್ದಾರೆ. ನಿಮ್ಮ ಸಭೆಯ ಮಕ್ಕಳಿಗೆ ಏನಾದರೂ ತೋಚಿದರೆ ಬರೆದು ಕಳುಹಿಸಲಿ.