ಶಾಸಕರ ಹತ್ರ ಹೋಗೋ ಮುಂಚೆ ಎಕರೆ ಲೆಕ್ಕ ಹಾಕಿ

2023ರ ಜುಲೈ ಬಜೆಟ್‌ನಲ್ಲಿ ಬಡ್ಡಿ ಇಲ್ಲದ ಬೆಳೆಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದಾಗ ಲೋಕಿಕೆರೆ ಕಡೆ ಮೆಕ್ಕೆಜೋಳ ಬೆಳೆಯೋ ನಾವೆಲ್ಲ ಖುಷಿಪಟ್ವಿ. ಆದ್ರೆ ನನ್ನ ಸಾಲ ಏರಲಿಲ್ಲ. ಯಾಕೆ ಗೊತ್ತಾ? 5 ಲಕ್ಷ ಬರೀ ಮೇಲ್ಮಿತಿ. ಎಕರೆಗೆ ಇಷ್ಟು ಸಾಲ ಅನ್ನೋ ‘ಸ್ಕೇಲ್ ಆಫ್ ಫೈನಾನ್ಸ್’ ಅನ್ನು ಬೆಳೆವಾರು ನಿಗದಿ ಮಾಡೋದು ಜಿಲ್ಲಾ ತಾಂತ್ರಿಕ ಸಮಿತಿ.

ಹಾಗಾಗಿ ‘ಸಾಲ ಹೆಚ್ಚಿಸಿ’ ಅಂತ ಶಾಸಕರಿಗೆ ವಾಟ್ಸ್‌ಆ್ಯಪ್ ಮಾಡಿದ್ರೆ ಸಾಲದು (ನಾನೂ ಹಂಗೆ ಮಾಡಿದೋನೇ). ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ರಸೀದಿಗಳ ಫೋಟೊ ತೆಗೆದಿಡಿ. ಕೂಲಿಗೆ ರಸೀದಿ ಇರಲ್ಲ, ಅದನ್ನ ಅವತ್ತವತ್ತೇ ಬರೆದಿಡಿ. ಎಕರೆ ಖರ್ಚು ಎಷ್ಟು, ಸಾಲ ಎಷ್ಟು ಅಂತ ಪಕ್ಕಪಕ್ಕ ತೋರಿಸಿ. ಸೆಪ್ಟೆಂಬರ್ ಒಳಗೆ ನಡೆಯೋ ಸೊಸೈಟಿ ಮಹಾಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿ ಪ್ರತಿಯನ್ನು ಡಿಸಿಸಿ ಬ್ಯಾಂಕಿಗೂ ಶಾಸಕರಿಗೂ ಕೊಡಿ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ಗೆ ಬರುತ್ತೆ; ಡಿಸೆಂಬರ್ ದಾಟಿಸಬೇಡಿ.