ಐರಿಷ್ ವಿಸ್ಕಿ, ಬರ್ಬನ್ ಮತ್ತು ನಮ್ಮ ಕಾಕಂಬಿ: ಹೆಸರಿನ ಹಿಂದಿರುವ ಕಾಯಿದೆ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಬ್ಬು ಕಾರ್ಖಾನೆಯ ಗಾಣಕ್ಕೆ ಬಿದ್ದ ಮೇಲೆ ಅದರಿಂದ ಸಕ್ಕರೆಯೊಂದೇ ಹೊರಬರುವುದಿಲ್ಲ, ಕಾಕಂಬಿಯೂ ಬರುತ್ತದೆ. ಉಗಾರದ ಸಕ್ಕರೆ ಕಾರ್ಖಾನೆಯಂತೆ ಸಕ್ಕರೆಯೊಡನೆ ಡಿಸ್ಟಿಲರಿಯನ್ನೂ ನಡೆಸುವ ಉದ್ದಿಮೆಗಳು ನಮ್ಮ ಭಾಗಕ್ಕೆ ಹೊಸತಲ್ಲ. ಕಾಕಂಬಿಯಿಂದ ಇಳಿಸಿದ ಶುದ್ಧ ಮದ್ಯಸಾರಕ್ಕೆ ಬಣ್ಣ, ಸುವಾಸನೆ ಮತ್ತು ಸ್ವಲ್ಪ ಮಾಲ್ಟ್ ಮದ್ಯವನ್ನು ಬೆರೆಸಿದ ಸರಕು ನಮ್ಮ ದೇಶದಲ್ಲಿ ಬಹುಕಾಲದಿಂದ ‘ವಿಸ್ಕಿ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತ ಬಂದಿದೆ. ಅದೇ ಬಾಟಲಿ ಐರೋಪ್ಯ ಒಕ್ಕೂಟದ ಬಂದರಿಗೆ ಹೋದರೆ ಆ ಹೆಸರಿನಲ್ಲಿ ಒಳಗೆ ಹೋಗಲಾರದು. ಸರಕು ಕಳಪೆಯೆಂಬುದು ಇದಕ್ಕೆ ಕಾರಣವಲ್ಲ. ವಿಸ್ಕಿಯೆಂದರೆ ಧಾನ್ಯದಿಂದ ಇಳಿಸಿದ್ದು ಎಂದು ಅಲ್ಲಿಯ ಕಾಯಿದೆ ಹೇಳುತ್ತದೆ, ಕಬ್ಬು ಧಾನ್ಯವಲ್ಲ.

ಒಂದು ಹೆಸರಿಗೆ ಕಾಯಿದೆಯ ಬೇಲಿಯನ್ನು ಹೇಗೆ ಕಟ್ಟುತ್ತಾರೆ, ಆ ಬೇಲಿಯಿಂದ ಯಾರಿಗೆ ಲಾಭ ಎಂಬುದನ್ನು ಅರಿಯಲು ಐರಿಷ್ ವಿಸ್ಕಿ ಮತ್ತು ಅಮೆರಿಕದ ಬರ್ಬನ್‌ಗಳ ಹೋಲಿಕೆ ಉತ್ತಮ ಪಾಠವಾಗಿದೆ. ಮದ್ಯದ ಗುಣಗಾನ ಈ ಲೇಖನದ ಉದ್ದೇಶವಲ್ಲವೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಎರಡು ಕಾಯಿದೆ, ಎರಡು ದಾರಿ

ಎರಡಕ್ಕೂ ಮೂಲಕ್ರಮ ಒಂದೇ. ಧಾನ್ಯವನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿ, ಪಿಷ್ಟವನ್ನು ಸಕ್ಕರೆಯಾಗಿಸಿ, ಹುಳಿಯಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಇಡುವುದು. ಭೇದ ಅನಂತರದ ನಿಬಂಧನೆಗಳಲ್ಲಿದೆ.

ಬರ್ಬನ್ ಎನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಗೋವಿನಜೋಳವಿರಬೇಕು. ಭಟ್ಟಿಯಿಂದ ಇಳಿದ ಮದ್ಯಸಾರದ ಪ್ರಮಾಣ ಶೇ. 80ನ್ನು ಮೀರಬಾರದು, ಪೀಪಾಯಿಗೆ ತುಂಬುವಾಗ ಶೇ. 62.5ನ್ನು ಮೀರಬಾರದು. ಪೀಪಾಯಿ ಓಕ್ ಮರದ್ದಾಗಿದ್ದು, ಹೊಸದಾಗಿರಬೇಕು. ಅದರ ಒಳಮೈಯನ್ನು ಬೆಂಕಿಯಿಂದ ಸುಟ್ಟು ಕರಿಮಾಡಿರಬೇಕು. ಬಣ್ಣ ಬೆರೆಸುವಂತಿಲ್ಲ. ವಿಚಿತ್ರವೆಂದರೆ, ಬರೇ ‘ಬರ್ಬನ್’ ಎಂಬ ಹೆಸರಿಗೆ ಕನಿಷ್ಠ ಅವಧಿಯನ್ನೇ ಹೇಳಿಲ್ಲ. ‘ಸ್ಟ್ರೇಟ್ ಬರ್ಬನ್’ ಎಂದು ಬರೆಯಬೇಕಾದರೆ ಮಾತ್ರ ಎರಡು ವರ್ಷ ಬೇಕು. ಇದು ಕೆಂಟಕಿ ರಾಜ್ಯದಲ್ಲಿಯೇ ಆಗಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ, ಅಮೆರಿಕ ಸಂಯುಕ್ತ ಸಂಸ್ಥಾನದ ಯಾವ ರಾಜ್ಯದಲ್ಲಾದರೂ ತಯಾರಿಸಬಹುದು. ಬರ್ಬನ್ ತಮ್ಮ ದೇಶದ ವಿಶಿಷ್ಟ ಉತ್ಪನ್ನವೆಂದು ಅಲ್ಲಿಯ ಕಾಂಗ್ರೆಸ್ 1964ರಲ್ಲಿ ನಿರ್ಣಯಿಸಿತು.

ಐರಿಷ್ ವಿಸ್ಕಿಯ ಬೇಲಿ ಬೇರೆ ಬಗೆಯದು. 1980ರ ಐರಿಷ್ ವಿಸ್ಕಿ ಕಾಯಿದೆ ಹಾಗೂ ಅನಂತರದ ಐರೋಪ್ಯ ನಿಯಮಗಳ ಪ್ರಕಾರ ಅದು ಐರ್ಲೆಂಡ್ ದ್ವೀಪದಲ್ಲಿಯೇ ಇಳಿದಿರಬೇಕು ಮತ್ತು ಅಲ್ಲಿಯೇ 700 ಲೀಟರ್ ಮೀರದ ಮರದ ಪೀಪಾಯಿಯಲ್ಲಿ ಮೂರು ವರ್ಷವಾದರೂ ಮಾಗಿರಬೇಕು. ಪೀಪಾಯಿ ಹಳೆಯದಾದರೂ ಸರಿ. ಸುಟ್ಟ ಸಕ್ಕರೆಯ ಬಣ್ಣಕ್ಕೆ ಅನುಮತಿಯಿದೆ. ಮಾಲ್ಟ್, ಪಾಟ್ ಸ್ಟಿಲ್, ಗ್ರೇನ್, ಬ್ಲೆಂಡೆಡ್ ಎಂದು ನಾಲ್ಕು ಬಗೆಗಳಿವೆ. ಪಾಟ್ ಸ್ಟಿಲ್ ಬಗೆಯಲ್ಲಿ ಮೊಳಕೆ ಬರಿಸಿದ ಬಾರ್ಲಿ ಮತ್ತು ಮೊಳಕೆ ಬರಿಸದ ಬಾರ್ಲಿ ಒಂದೊಂದೂ ಕನಿಷ್ಠ ಶೇ. 30 ಇರಬೇಕು. ಮೊಳಕೆ ಕಾಳಿನ ಮೇಲೆ ಸರಕಾರ ಹಾಕಿದ ತೆರಿಗೆಯ ಭಾರವನ್ನು ಇಳಿಸಲು ಹಸಿ ಬಾರ್ಲಿಯನ್ನು ಬೆರೆಸಿದ್ದು ಈ ರೂಢಿಯ ಬೇರು. ತೆರಿಗೆಯಿಂದ ಪಾರಾಗಲು ಹುಡುಕಿದ ಉಪಾಯವೇ ಮುಂದೆ ಆ ನಾಡಿನ ವಿಶಿಷ್ಟ ರುಚಿಯಾಯಿತು! ಮೂರು ಬಾರಿ ಭಟ್ಟಿ ಇಳಿಸುವುದು ಐರಿಷ್ ವಿಸ್ಕಿಯ ಲಕ್ಷಣವೆಂದು ಜಾಹೀರಾತುಗಳು ಸಾರುತ್ತವೆ. ಅದು ಪ್ರಚಲಿತ ಪದ್ಧತಿ, ನಿಜ, ಕಾಯಿದೆಯ ಕಡ್ಡಾಯವಲ್ಲ.

ಭಟ್ಟಿಯ ಪ್ರಮಾಣಕ್ಕೆ ಹಾಕಿದ ಮಿತಿಯನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಮದ್ಯಸಾರದ ಪ್ರಮಾಣ ಏರಿದಷ್ಟೂ ಮೂಲವಸ್ತುವಿನ ವಾಸನೆ, ರುಚಿ ಕಳೆದುಹೋಗುತ್ತವೆ. ಬರ್ಬನ್ ಶೇ. 80ಕ್ಕೆ ನಿಲ್ಲುವುದರಿಂದ ಗೋವಿನಜೋಳದ ಸಿಹಿ ಉಳಿಯುತ್ತದೆ. ಐರಿಷ್ ವಿಸ್ಕಿಗೆ ಶೇ. 94.8ರ ಒಳಗಿರಬೇಕೆಂಬ ಸಡಿಲವಾದ ಮಿತಿಯಿದೆ. ನಮ್ಮ ಕಾರ್ಖಾನೆಗಳ ಇ.ಎನ್.ಎ. ಶೇ. 96ರ ಸುಮಾರಿಗೆ ಇಳಿಯುತ್ತದೆ. ಅಲ್ಲಿ ಕಬ್ಬಿನ ಗುರುತೂ ಇಲ್ಲ, ಜೋಳದ ಗುರುತೂ ಇಲ್ಲ. ಶೇ. 94.8 ಮತ್ತು ಶೇ. 96ರ ನಡುವಣ ಅಂತರ ಬಹಳ ಕಿರಿದು. ಅಷ್ಟು ಕಿರಿದಾದ ಗೆರೆಯೇ ಒಂದು ಸರಕನ್ನು ವಿಸ್ಕಿಯೆಂದೂ ಇನ್ನೊಂದನ್ನು ಬರೇ ಮದ್ಯಸಾರವೆಂದೂ ಬೇರ್ಪಡಿಸುತ್ತದೆ.

ಪೀಪಾಯಿಯ ವ್ಯಾಪಾರ

‘ಹೊಸ ಪೀಪಾಯಿ’ ಎಂಬ ಎರಡು ಪದಗಳು ಒಂದು ಉಪ ಉದ್ದಿಮೆಯನ್ನೇ ಸಾಕುತ್ತಿವೆ. ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಯನ್ನು ಬರ್ಬನ್ ತಯಾರಕನು ಒಮ್ಮೆ ಬಳಸಿದ ಮೇಲೆ ಮತ್ತೆ ಅದೇ ಕೆಲಸಕ್ಕೆ ಬಳಸುವಂತಿಲ್ಲ. ಆದ್ದರಿಂದ ಮರ ಕಡಿಯುವವರಿಗೂ ಪೀಪಾಯಿ ಕಟ್ಟುವವರಿಗೂ ವರ್ಷವಿಡೀ ಗಿರಾಕಿ. ಖಾಲಿಯಾದ ಪೀಪಾಯಿಗಳು ಐರ್ಲೆಂಡಿಗೂ ಸ್ಕಾಟ್ಲೆಂಡಿಗೂ ಹೋಗುತ್ತವೆ. ಹೊಸ ಮರದ ಖಾರ ಆ ವೇಳೆಗೆ ಇಳಿದಿರುವುದರಿಂದ ಐರಿಷ್ ವಿಸ್ಕಿಯ ಮೃದುತ್ವಕ್ಕೆ ಅದೇ ಅನುಕೂಲ. ಒಬ್ಬನ ಕಾಯಿದೆಯ ಕಟ್ಟು ಇನ್ನೊಬ್ಬನಿಗೆ ಸೋವಿಯ ಕಚ್ಚಾಸಾಮಗ್ರಿಯಾಗಿದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಕೂಡ ಇಂಥ ಬರ್ಬನ್ ಪೀಪಾಯಿಗಳನ್ನು ತರಿಸಿಕೊಳ್ಳುತ್ತದೆ.

1948ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಉತ್ತರ ಭಾರತದ ಬಾರ್ಲಿಯಿಂದ ತಯಾರಿಸಿದ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಧಾನ್ಯದಿಂದ ಇಳಿಸಿದ್ದರಿಂದ ಅದನ್ನು ವಿಸ್ಕಿಯೆಂದು ಮಾರಲು ಐರೋಪ್ಯ ನಿಯಮದ ಅಡ್ಡಿ ಇರಲಿಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಐರ್ಲೆಂಡಿನ ತಂಪು ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು ಹೋಗುತ್ತದೆ. ಶೇ. 10ರ ಲೆಕ್ಕ ಹಿಡಿದರೂ 100 ಲೀಟರ್ ತುಂಬಿದ ಪೀಪಾಯಿಯಲ್ಲಿ ನಾಲ್ಕು ವರ್ಷಕ್ಕೆ 66 ಲೀಟರಿನಷ್ಟು ಮಾತ್ರ ಉಳಿಯುತ್ತದೆ. ಐರ್ಲೆಂಡಿನಲ್ಲಿ 92 ಲೀಟರ್ ಉಳಿದಿರುತ್ತದೆ. ನಮ್ಮ ಸೆಕೆಯಲ್ಲಿ ಸರಕು ಬೇಗ ಮಾಗುತ್ತದೆಂಬುದೊಂದೇ ಸಮಾಧಾನ. ಬಂಡವಾಳ ಮೂರು ವರ್ಷ ಕಟ್ಟಿಕೊಂಡಿರುವ ಧಂದೆಯಲ್ಲಿ ಬಡ್ಡಿಯ ಜೊತೆಗೆ ಈ ಆವಿಯನ್ನೂ ಖರ್ಚಿನ ಬಾಜುವಿಗೆ ಬರೆಯಬೇಕಾಗುತ್ತದೆ.

ಡಬ್ಲಿನ್ನಿನವರ ಸೋಲು

19ನೆಯ ಶತಮಾನದಲ್ಲಿ ಡಬ್ಲಿನ್ ನಗರದ ವಿಸ್ಕಿಗೆ ದೊಡ್ಡ ಹೆಸರಿತ್ತು. 1830ರಲ್ಲಿ ಐರ್ಲೆಂಡಿನ ಅಬಕಾರಿ ಅಧಿಕಾರಿಯಾಗಿದ್ದ ಏನಿಯಸ್ ಕಾಫಿ ಎಂಬವರು ನಿರಂತರವಾಗಿ ನಡೆಯುವ ಕಂಬಭಟ್ಟಿಗೆ ಪೇಟೆಂಟ್ ಪಡೆದರು. ಅದರಿಂದ ಅಗ್ಗವಾಗಿ, ಹೇರಳವಾಗಿ ಮದ್ಯ ಇಳಿಸಬಹುದಿತ್ತು. ಡಬ್ಲಿನ್ನಿನ ದೊಡ್ಡ ಮನೆತನಗಳು ಅದನ್ನು ತಿರಸ್ಕರಿಸಿದವು. ಸ್ಕಾಟ್ಲೆಂಡಿನವರು ಸ್ವೀಕರಿಸಿ ಮಿಶ್ರಣದ ವಿಸ್ಕಿಯನ್ನು ಲೋಕಕ್ಕೆಲ್ಲ ಮಾರಿದರು. ಯಂತ್ರದ ಸರಕನ್ನು ವಿಸ್ಕಿಯೆಂದು ಕರೆಯಬಾರದೆಂದು ಜೇಮ್ಸನ್, ಪವರ್, ರೋ ಮೊದಲಾದ ಮನೆತನಗಳು 1878ರಲ್ಲಿ ಪುಸ್ತಕವನ್ನೇ ಹೊರಡಿಸಿ ವಾದಿಸಿದವು. 1909ರಲ್ಲಿ ಬ್ರಿಟನ್ನಿನ ರಾಯಲ್ ಕಮಿಷನ್ ತೀರ್ಪು ಅವರಿಗೆ ವಿರುದ್ಧವಾಯಿತು. ಧಾನ್ಯದಿಂದ ಇಳಿದದ್ದಾದರೆ ಭಟ್ಟಿ ಯಾವುದಾದರೂ ಅದು ವಿಸ್ಕಿಯೇ ಎಂದಿತು. ಅನಂತರ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟ, 1920ರಿಂದ 1933ರವರೆಗಿನ ಅಮೆರಿಕದ ಪಾನನಿಷೇಧ ಇತ್ಯಾದಿ ಹೊಡೆತಗಳು ಬಿದ್ದವು. 1966ರಲ್ಲಿ ಉಳಿದ ಮೂರು ಮನೆತನಗಳು ಒಂದಾಗಬೇಕಾಯಿತು. 1970ರ ದಶಕದ ಕೊನೆಗೆ ಇಡೀ ದ್ವೀಪದಲ್ಲಿ ಎರಡೇ ಡಿಸ್ಟಿಲರಿಗಳು ನಡೆಯುತ್ತಿದ್ದವು. ಯಂತ್ರವನ್ನು ಬೇಡವೆಂದದ್ದಕ್ಕಿಂತ, ತಮ್ಮ ಸರಕು ಯಾವುದೆಂಬುದನ್ನು ಮಾರುಕಟ್ಟೆ ಕೈಯಲ್ಲಿದ್ದಾಗಲೇ ಕಾಯಿದೆಯಲ್ಲಿ ಬರೆಯಿಸಿಕೊಳ್ಳದಿದ್ದದ್ದೇ ಅವರಿಗೆ ಹೆಚ್ಚಿನ ನಷ್ಟ ತಂದಿತೆಂದು ನನಗೆ ತೋರುತ್ತದೆ. ಅಮೆರಿಕದವರು ಬೇಗ ಎಚ್ಚತ್ತಿದ್ದರು. 1897ರ ‘ಬಾಟಲ್ಡ್ ಇನ್ ಬಾಂಡ್’ ಕಾಯಿದೆ ಒಂದೇ ಡಿಸ್ಟಿಲರಿಯ, ಒಂದೇ ಹಂಗಾಮಿನ, ಸರಕಾರದ ಮೇಲ್ವಿಚಾರಣೆಯ ಉಗ್ರಾಣದಲ್ಲಿ ನಾಲ್ಕು ವರ್ಷ ಇದ್ದ ಸರಕಿಗೆ ಪ್ರತ್ಯೇಕ ಗುರುತನ್ನು ಕೊಟ್ಟಿತ್ತು.

ಹೆಸರು ಗಟ್ಟಿಯಾಗಿದ್ದರೆ ಸುಂಕದ ಮಾತುಕತೆಗೂ ಅನುಕೂಲ. 2025ರ ಫೆಬ್ರವರಿಯಲ್ಲಿ ಭಾರತ ಸರಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ ಶೇ. 100ಕ್ಕೆ ಇಳಿಸಿತು, ಆಗ ಇತರ ವಿಸ್ಕಿಗಳಿಗೆ ಆ ರಿಯಾಯಿತಿ ದೊರೆಯಲಿಲ್ಲ.

ನಿಪ್ಪಾಣಿ, ಅಥಣಿಗಳ ಚಪ್ಪಲಿ

ಐರಿಷ್ ವಿಸ್ಕಿಯ ಹೆಸರಿನಲ್ಲಿ ನಮಗೆ ಬಹಳ ಹತ್ತಿರವಾದ ಸಂಗತಿಯೊಂದಿದೆ. ಐರ್ಲೆಂಡ್ ದ್ವೀಪದಲ್ಲಿ ಎರಡು ಆಡಳಿತಗಳಿವೆ. ದಕ್ಷಿಣದ್ದು ಸ್ವತಂತ್ರ ಗಣರಾಜ್ಯ, ಉತ್ತರದ್ದು ಬ್ರಿಟನ್ನಿಗೆ ಸೇರಿದ್ದು. ಹೆಸರು ಮಾತ್ರ ಗಡಿಯ ಎರಡೂ ಬದಿಗೆ ಸೇರಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚನೆಯೂ ಹಾಗೆಯೇ ಇದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರಲ್ಲಿ ಸೇರಿವೆ. ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳಾದ ಲಿಡ್‌ಕಾಮ್ ಮತ್ತು ಲಿಡ್ಕರ್ ಅದರ ಒಡೆತನದಲ್ಲಿ ಪಾಲುದಾರರು. ನಿಪ್ಪಾಣಿಯ, ಅಥಣಿಯ ಕುಶಲಕರ್ಮಿ ಹೊಲಿದ ಜೋಡು ಕೊಲ್ಹಾಪುರಿ ಎನಿಸಿಕೊಳ್ಳುವುದಕ್ಕೆ ಗಡಿಯೇನೂ ಅಡ್ಡಿಯಲ್ಲ.

ಆದರೆ ಭಾರತದ ನೋಂದಣಿಯ ಬಲ ಭಾರತದೊಳಗೆ ಮಾತ್ರ. 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇಂಥದೇ ಮಾದರಿಯ ಪಾದರಕ್ಷೆಯನ್ನು ಮಿಲಾನ್ ನಗರದ ಪ್ರದರ್ಶನದಲ್ಲಿ ಮೂಲದ ಉಲ್ಲೇಖವಿಲ್ಲದೆ ತೋರಿಸಿದಾಗ ಅದು ಎಲ್ಲರಿಗೂ ಮನವರಿಕೆಯಾಯಿತು. ದೊಡ್ಡ ಟೀಕೆ ಬಂದ ಮೇಲೆಯೇ ಆ ಸಂಸ್ಥೆ ಭಾರತದ ಪಾದರಕ್ಷೆಯಿಂದ ಸ್ಫೂರ್ತಿ ಪಡೆದದ್ದನ್ನು ಒಪ್ಪಿಕೊಂಡಿತು. ಹೊರದೇಶದಲ್ಲಿ ರಕ್ಷಣೆ ಬೇಕಾದರೆ ಅಲ್ಲಲ್ಲಿಯ ಕಾಯಿದೆಯಂತೆ ಪ್ರತ್ಯೇಕ ಪ್ರಯತ್ನ ನಡೆಯಬೇಕು. ಅದು ನಿಗಮಗಳ ಮತ್ತು ಸರಕಾರದ ಕೆಲಸ.

ತಯಾರಕರ ಕೈಯಲ್ಲಿರುವ ಕೆಲಸ ಬೇರೆಯಿದೆ. 1999ರ ಭೌಗೋಳಿಕ ಸೂಚನೆಗಳ ಕಾಯಿದೆಯಲ್ಲಿ ಒಡೆಯನ ನೋಂದಣಿಯೊಂದು, ಉತ್ಪಾದಕನು ‘ಅಧಿಕೃತ ಬಳಕೆದಾರ’ ಎಂದು ಮಾಡಿಸಿಕೊಳ್ಳುವ ನೋಂದಣಿ ಇನ್ನೊಂದು. ಮೊದಲನೆಯದಾಯಿತೆಂದು ಎರಡನೆಯದು ತಾನಾಗಿ ಆಗುವುದಿಲ್ಲ. ಪ್ರತಿಯೊಬ್ಬ ತಯಾರಕನೂ ಚೆನ್ನೈಯಲ್ಲಿರುವ ನೋಂದಣಿ ಕಚೇರಿಗೆ ತನ್ನ ಅರ್ಜಿಯನ್ನು ಸಲ್ಲಿಸಬೇಕು. ನೋಂದಣಿ ಹತ್ತು ವರ್ಷಕ್ಕೆ ಸಲ್ಲುತ್ತದೆ, ಮತ್ತೆ ನವೀಕರಿಸಬೇಕು. ನಮ್ಮ ಭಾಗದ ಚಪ್ಪಲಿ ವ್ಯಾಪಾರಸ್ಥರು ತಮಗೆ ಮಾಲು ಕೊಡುವ ಮನೆಗಳಲ್ಲಿ ಎಷ್ಟು ಮಂದಿ ಈ ಅರ್ಜಿ ಹಾಕಿದ್ದಾರೆಂದು ಮುಂದಿನ ಖರೀದಿಯ ವೇಳೆ ವಿಚಾರಿಸಿ, ಹಾಕದವರಿಗೆ ಅರ್ಜಿ ತುಂಬಲು ನೆರವಾಗಬಹುದು.